ಪರ್ಸಿ ಸ್ಕಾಟ್: ಬಣ್ಣ ಬಳಿಯುವ ನೌಕಾಪಡೆಗೆ ಗುರಿ ಹೊಡೆಯಲು ಕಲಿಸಿದ ಅಧಿಕಾರಿ

ಹಾಯಿಪಟ:
ವಿಕ್ಟೋರಿಯಾ ಕಾಲದ ಬ್ರಿಟಿಷ್ ನೌಕಾಪಡೆ ಅಂದರೆ ಎಲ್ಲರೂ ಹಡಗಿನ ಗಾತ್ರ, ಕವಚದ ದಪ್ಪ, ಫಿರಂಗಿಯ ಇಂಚು ಇಷ್ಟನ್ನೇ ಹೇಳುತ್ತಾರೆ. ನನಗೆ ಬೇಕಿರುವುದು ಒಬ್ಬ ಅಧಿಕಾರಿಯ ವೃತ್ತಿ, ಪರ್ಸಿ ಸ್ಕಾಟ್‌ನದು. 1899ರ ಬಹುಮಾನದ ಗುಂಡಿನ ಸ್ಪರ್ಧೆಯಲ್ಲಿ ಆತನ ಹಡಗು ‘ಸಿಲ್ಲಾ’ 70 ಗುಂಡು ಹಾರಿಸಿ 56ನ್ನು ಗುರಿಗೆ ಬಡಿಸಿತು, ಅಂದರೆ ಶೇ. 80. ಆಗ ಇಡೀ ನೌಕಾಪಡೆಯ ಸರಾಸರಿ ಶೇ. 30ರ ಆಸುಪಾಸು. ಫಿರಂಗಿ ಅದೇ 4.7 ಇಂಚಿನದು, ಮದ್ದು ಅದೇ, ನಾವಿಕರೂ ಬೇರೆ ಲೋಕದಿಂದ ಬಂದವರಲ್ಲ. ಹಾಗಿದ್ದರೆ ಬದಲಾಗಿದ್ದು ಏನು? ಇಷ್ಟು ಮಾಡಿದವನು ಮೇಲೇರಿದ್ದು ಗುಂಡಿನ ಕೆಲಸದಿಂದಲೋ, ಅದು ಅಡ್ಡ ಬಂದರೂ ಹೇಗೋ ಏರಿದನೋ? ಗೊತ್ತಿರುವವರು ವಿವರವಾಗಿ ಬರೆಯಿರಿ.

ದಿನಚರಿಪುಸ್ತಕ:
ಮೊದಲು ತಾರೀಖುಗಳನ್ನು ಸಾಲಾಗಿ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಚರ್ಚೆ ದಾರಿ ತಪ್ಪುತ್ತದೆ.

ಹುಟ್ಟಿದ್ದು 1853ರ ಜುಲೈ 10. 1866ರಲ್ಲಿ ‘ಬ್ರಿಟಾನಿಯಾ’ ತರಬೇತಿ ಹಡಗಿಗೆ ಕೆಡೆಟ್ ಆಗಿ ಸೇರ್ಪಡೆ. 1868ರಲ್ಲಿ ಮಿಡ್‌ಶಿಪ್‌ಮನ್ ಆಗಿ 50 ಫಿರಂಗಿಗಳ ‘ಫೋರ್ಟ್’ ಎಂಬ ಫ್ರಿಗೇಟ್‌ಗೆ. 1873–74ರಲ್ಲಿ ಪಶ್ಚಿಮ ಆಫ್ರಿಕದ ಅಶಾಂತಿ ರಾಜ್ಯದ ಮೇಲಿನ ಯುದ್ಧದ ಹೊತ್ತಿಗೆ ‘ಆಕ್ಟಿವ್’ ಹಡಗಿನಲ್ಲಿ. 1875ರಲ್ಲಿ ಲೆಫ್ಟಿನೆಂಟ್. ಆಮೇಲೆ ಪೋರ್ಟ್ಸ್‌ಮತ್‌ನ ‘ಎಕ್ಸಲೆಂಟ್’ ಎಂಬ ಫಿರಂಗಿ ಶಾಲೆಯಲ್ಲಿ ಗನ್ನರಿ ಅಧಿಕಾರಿಯ ತರಬೇತಿ. 1882ರಲ್ಲಿ ‘ಇನ್‌ಕಾನ್‌ಸ್ಟಂಟ್’ ಹಡಗಿನಿಂದ ಅಲೆಕ್ಸಾಂಡ್ರಿಯಕ್ಕೆ. 1886ರಲ್ಲಿ ಕಮಾಂಡರ್, 1893ರ ಜನವರಿಯಲ್ಲಿ ಕ್ಯಾಪ್ಟನ್. 1893ರಿಂದ 96ರವರೆಗೆ ಫಿರಂಗಿ, ಮದ್ದುಗುಂಡಿನ ವಿಷಯ ನೋಡುವ ಆರ್ಡ್‌ನೆನ್ಸ್ ಸಮಿತಿಯಲ್ಲಿ. 1896ರಿಂದ 99ರವರೆಗೆ ಮೆಡಿಟರೇನಿಯನ್‌ನಲ್ಲಿ ‘ಸಿಲ್ಲಾ’. 1899ರ ಸೆಪ್ಟೆಂಬರ್‌ನಿಂದ ‘ಟೆರಿಬಲ್’, ಅದರಲ್ಲೇ ದಕ್ಷಿಣ ಆಫ್ರಿಕ, ಚೀನಾ. 1902ರಲ್ಲಿ ಊರಿಗೆ ವಾಪಸು. 1903ರಲ್ಲಿ ‘ಎಕ್ಸಲೆಂಟ್’ನ ಮುಖ್ಯಸ್ಥ, 1905ರಲ್ಲಿ ರಿಯರ್ ಅಡ್ಮಿರಲ್.

ಇಲ್ಲಿ ಒಂದು ವಿಷಯ ಗಮನಿಸಬೇಕು. ಲೆಫ್ಟಿನೆಂಟ್‌ನಿಂದ ಕಮಾಂಡರ್, ಅಲ್ಲಿಂದ ಕ್ಯಾಪ್ಟನ್, ಈ ಎರಡು ಮೆಟ್ಟಿಲು ಆಯ್ಕೆಯಿಂದ. ಮೇಲಿನವರ ಕಣ್ಣಿಗೆ ಬೀಳಬೇಕು, ಬೀಳದಿದ್ದರೆ ಲೆಫ್ಟಿನೆಂಟ್ ಆಗಿಯೇ ನಿವೃತ್ತಿ. ಕ್ಯಾಪ್ಟನ್ ಆದಮೇಲೆ ಆಟ ಬೇರೆ: ಪಟ್ಟಿಯಲ್ಲಿ ಹಿರಿತನದ ಪ್ರಕಾರ ಹೆಸರು ಮೇಲೇರುತ್ತದೆ, ಮೇಲಿನವರು ಬಡ್ತಿ ಪಡೆದಂತೆ, ನಿವೃತ್ತರಾದಂತೆ, ಸತ್ತಂತೆ. ಬೇಕಾದ ಸಮುದ್ರ ಸೇವೆ ಮುಗಿಸಿರಬೇಕು, ಅಷ್ಟೆ. ಸ್ಕಾಟ್ 1893ರಿಂದ 1905ರವರೆಗೆ 12 ವರ್ಷ ಆ ಪಟ್ಟಿಯಲ್ಲಿದ್ದ. ಆದ್ದರಿಂದ ‘ಸಿಲ್ಲಾ’ದ ಶೇ. 80 ಆತನನ್ನು ಅಡ್ಮಿರಲ್ ಮಾಡಿತು ಅನ್ನುವ ಮಾತು ನಿಲ್ಲುವುದಿಲ್ಲ. ಆ ಅಂಕಿಯಿಂದ ಸಿಕ್ಕಿದ್ದು ಒಳ್ಳೆಯ ಹುದ್ದೆಗಳು. ಪದವಿ ಬಂದದ್ದು ಕ್ಯಾಲೆಂಡರಿನಿಂದ. ನೌಕಾಪಡೆಯನ್ನು ನಡೆಸುತ್ತಿದ್ದ ಇಲಾಖೆಯಾದ ಅಡ್ಮಿರಾಲ್ಟಿಯ ಮೇಲೆ ಬೇಕಾದಷ್ಟು ಜಗಳ ಮಾಡಿಯೂ ಆತ ಬದುಕಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ತೋಪುಖಾನೆ:
ಫಿರಂಗಿಯ ಭಾಗಕ್ಕೆ ನಾನು ಬರುತ್ತೇನೆ. ‘ಸಿಲ್ಲಾ’ 3,400 ಟನ್‌ನ ಎರಡನೇ ದರ್ಜೆಯ ಕ್ರೂಸರ್. 6 ಇಂಚಿನ ಎರಡು, 4.7 ಇಂಚಿನ ಆರು ಫಿರಂಗಿ. ಇದೆಲ್ಲ ಕೈಚಕ್ರದಿಂದ ಏರಿಸಿ ಇಳಿಸುವಂಥವು.

ಹಳೆಯ ಪದ್ಧತಿ ಹೀಗಿತ್ತು. ದೂರ ನೋಡಿ ಸೈಟನ್ನು (ಗುರಿ ನೋಡುವ ಸಾಧನ) ಹೊಂದಿಸಿ, ಫಿರಂಗಿಯ ಮೂತಿಯನ್ನು ಒಂದು ಎತ್ತರದಲ್ಲಿ ಬಿಟ್ಟುಬಿಡುವುದು. ಹಡಗು ಹೊಯ್ದಾಡಿದಾಗ ಸೈಟಿನ ರೇಖೆ ತಾನಾಗಿಯೇ ಮೇಲೆ ಕೆಳಗೆ ತೂಗುತ್ತದೆ. ಅದು ಗುರಿಯ ಮೇಲೆ ಹಾದುಹೋಗುವ ಕ್ಷಣಕ್ಕೆ ಕಾದು ಗುಂಡು ಹಾರಿಸುವುದು. ಗನ್‌ಲೇಯರ್‌ನ, ಅಂದರೆ ಗುರಿಯಿಟ್ಟು ಹಾರಿಸುವವನ ಕೆಲಸ ಕಾಯುವುದು.

ಇದು ಯಾಕೆ ಕೆಡುತ್ತದೆ ಅನ್ನುವುದಕ್ಕೆ ಸಣ್ಣ ಲೆಕ್ಕ. ಹಡಗು ಎರಡೂ ಕಡೆಗೆ 5 ಡಿಗ್ರಿ ವಾಲುತ್ತದೆ, ಪೂರ್ತಿ ಒಂದು ಸುತ್ತಿಗೆ 12 ಸೆಕೆಂಡ್ ಅನ್ನಿ. ಮಧ್ಯದಲ್ಲಿ, ಅಂದರೆ ಡೆಕ್ ಸಮತಟ್ಟಾಗುವ ಕ್ಷಣದಲ್ಲಿ, ವೇಗ ಸೆಕೆಂಡಿಗೆ ಸುಮಾರು 2.6 ಡಿಗ್ರಿ. ಗನ್‌ಲೇಯರ್‌ನ ಬೆರಳು ಹತ್ತನೇ ಒಂದು ಸೆಕೆಂಡ್ ಹಿಂದೆ ಮುಂದೆ ಆದರೆ 0.26 ಡಿಗ್ರಿ ತಪ್ಪು. 1,500 ಗಜ ದೂರದಲ್ಲಿ ಅದು 20 ಅಡಿ ಮೇಲೆ ಅಥವಾ ಕೆಳಗೆ. ಆಗಿನ ಸ್ಪರ್ಧೆಯ ಪರದೆಯನ್ನು ಪೂರ್ತಿ ತಪ್ಪಿಸಲು ಅಷ್ಟು ಸಾಕು. ಮನುಷ್ಯನ ಪ್ರತಿಕ್ರಿಯೆಯಲ್ಲಿ ಹತ್ತನೇ ಒಂದು ಸೆಕೆಂಡಿನ ಏರುಪೇರು ತೀರಾ ಮಾಮೂಲು. ಅದೂ ಒಬ್ಬೊಬ್ಬನಿಗೆ ಒಂದೊಂದು ಥರ, ಒಂದೊಂದು ದಿನ ಒಂದೊಂದು ಥರ.

ಎರಡನೆಯ ನಷ್ಟ ವೇಗದ್ದು. 12 ಸೆಕೆಂಡಿನ ಹೊಯ್ದಾಟದಲ್ಲಿ ಮೇಲೇಳುವಾಗ ಮಾತ್ರ ಹೊಡೆಯುತ್ತೇನೆ ಅಂದರೆ ನಿಮಿಷಕ್ಕೆ ಐದೇ ಅವಕಾಶ. ಫಿರಂಗಿಯ ಹೆಸರೇ ಕ್ವಿಕ್ ಫೈರಿಂಗ್, ಅದು ಸಮುದ್ರದ ತಾಳಕ್ಕೆ ಕಾಯುತ್ತ ಕೂರಬೇಕು!

1898ರಲ್ಲಿ ಸಮುದ್ರ ಸ್ವಲ್ಪ ಜೋರಾಗಿದ್ದ ಒಂದು ದಿನ ‘ಸಿಲ್ಲಾ’ದ ಗನ್‌ಲೇಯರ್‌ಗಳೆಲ್ಲ ಕೆಟ್ಟದಾಗಿ ಹೊಡೆಯುತ್ತಿದ್ದರು, ಒಬ್ಬನನ್ನು ಬಿಟ್ಟು. ಆತ ತನಗೇ ಅರಿವಿಲ್ಲದೆ ಏರಿಳಿಕೆಯ ಚಕ್ರವನ್ನು ಹಿಂದೆ ಮುಂದೆ ತಿರುಗಿಸುತ್ತ ಸೈಟನ್ನು ಗುರಿಯ ಮೇಲೆಯೇ ಹಿಡಿದಿಟ್ಟಿದ್ದ. ಸ್ಕಾಟ್‌ನ ಜಾಣತನ ಅದನ್ನು ಕಂಡದ್ದು. ಒಬ್ಬನಿಗೆ ಸಹಜವಾಗಿ ಬಂದದ್ದನ್ನು ಉಳಿದವರಿಗೆ ಹೇಗೆ ಕಲಿಸುವುದು ಅನ್ನುವುದು ಆಮೇಲಿನ ಕೆಲಸ. ಕಂಟಿನ್ಯುಯಸ್ ಏಮ್ (ನಿರಂತರ ಗುರಿ) ಅಂತ ಹೆಸರಾದದ್ದು ಇದೇ.

ಹಾಯಿಪಟ:
ಚಕ್ರ ತಿರುಗಿಸುತ್ತಲೇ ಇರು ಅಂತ ಉಳಿದವರಿಗೂ ಹೇಳಿದ್ದರೆ ಆಗುತ್ತಿರಲಿಲ್ಲವೇ? ಅಷ್ಟೊಂದು ಕೆಲಸ ಯಾಕೆ ಬೇಕು?

ತೋಪುಖಾನೆ:
ಹೇಳಿದರೆ ಆಗುವುದಿಲ್ಲ, ಕೈ ತಲುಪುವುದಿಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಚಕ್ರದ ಒಂದು ಸುತ್ತಿಗೆ ಮೂತಿ 1 ಡಿಗ್ರಿ ಏರುವ ಗೇರ್ ಇದ್ದರೆ ಸೆಕೆಂಡಿಗೆ ಎರಡೂವರೆ ಸುತ್ತು ತಿರುಗಿಸಬೇಕು, ಮತ್ತೆ ತಕ್ಷಣ ಉಲ್ಟಾ. ಯಾರ ತೋಳಿಗೂ ಸಾಧ್ಯವಿಲ್ಲ. ಒಂದು ಸುತ್ತಿಗೆ 3–4 ಡಿಗ್ರಿ ಬರುವಂತೆ ಹಲ್ಲಿನ ಅನುಪಾತ ಬದಲಿಸಿದರೆ ಸೆಕೆಂಡಿಗೆ ಮುಕ್ಕಾಲು ಸುತ್ತು ಸಾಕು. (ಈ ಅಂಕಿಗಳು ಉದಾಹರಣೆಗೆ ಮಾತ್ರ, ಸಿಲ್ಲಾದ ನಕ್ಷೆಯಿಂದ ತೆಗೆದದ್ದಲ್ಲ.) ಆದರೆ ಗೇರ್ ಚುರುಕು ಮಾಡಿದಷ್ಟೂ ಚಕ್ರ ಬಿಗಿಯಾಗುತ್ತದೆ. ಅದಕ್ಕೇ ಫಿರಂಗಿ ತನ್ನ ಟ್ರನಿಯನ್ (ಮೂತಿ ಏರಿಳಿಯುವ ಪಕ್ಕದ ಅಚ್ಚು) ಮೇಲೆ ಸರಿಯಾಗಿ ಸಮತೂಕದಲ್ಲಿರಬೇಕು, ಬೇರಿಂಗ್‌ನಲ್ಲಿ ತುಕ್ಕು, ಬಣ್ಣ, ಒಣಗಿದ ಗ್ರೀಸ್ ಇರಬಾರದು. ಹಲ್ಲುಗಳ ಮಧ್ಯೆ ಸಡಿಲ ಇದ್ದರೆ ದಿಕ್ಕು ಬದಲಿಸುವಾಗ ಚಕ್ರ ತಿರುಗುತ್ತದೆ, ಮೂತಿ ಅಲ್ಲೇ ಇರುತ್ತದೆ. ಹೊಯ್ದಾಟದ ಎರಡೂ ತುದಿಯಲ್ಲಿ ತಪ್ಪು ಹುಟ್ಟುವುದು ಇದರಿಂದ.

ಮುಂದಿನದು ಕಣ್ಣು. ಬರಿಗಣ್ಣಿನ ಸೈಟಿನಲ್ಲಿ ಹಿಂದಿನ ಗೀರು, ಮುಂದಿನ ಮೊನೆ, ದೂರದ ಗುರಿ, ಮೂರನ್ನೂ ಒಟ್ಟಿಗೆ ನೋಡಬೇಕು. ಅದು ಕಣ್ಣಿಗೆ ಆಗದ ಕೆಲಸ. ಟೆಲಿಸ್ಕೋಪ್ ಸೈಟಿನಲ್ಲಿ ತಂತಿಯೂ ಗುರಿಯೂ ಒಂದೇ ಸಮತಲದಲ್ಲಿ ಕಾಣುತ್ತವೆ. ಆದರೆ ತಂತಿ ದಪ್ಪವಾಗಿದ್ದರೆ ಗುರಿಯನ್ನೇ ಮುಚ್ಚುತ್ತದೆ. ದೂರದರ್ಶಕವನ್ನು ಹಿಮ್ಮೆಟ್ಟುವ ನಳಿಗೆಯ ಮೇಲೆಯೇ ಕೂರಿಸಿದ್ದರೆ ಪ್ರತಿ ಗುಂಡಿಗೂ ಅದು ಹುಬ್ಬಿಗೆ ಬಂದು ಗುದ್ದುತ್ತದೆ. ಒಂದು ಸಲ ಗುದ್ದಿಸಿಕೊಂಡವನು ಆಮೇಲೆ ಕಣ್ಣನ್ನು ದೂರ ಇಡುತ್ತಾನೆ, ಇಲ್ಲವೇ ಹಾರಿಸುವ ಕ್ಷಣಕ್ಕೆ ಮುಚ್ಚುತ್ತಾನೆ. ಹಾಗಾಗಿ ಸೈಟ್ ಹಿಮ್ಮೆಟ್ಟದ ತೊಟ್ಟಿಲ (ನಳಿಗೆಯನ್ನು ಹಿಡಿದಿಡುವ) ಭಾಗದ ಮೇಲಿರಬೇಕು, ಕಣ್ಣಿಗೆ ರಬ್ಬರ್ ಅಂಚು ಇರಬೇಕು. ಗುಂಡು ಹಾರುವಾಗಲೂ ಕಣ್ಣು ಗುರಿಯ ಮೇಲಿದ್ದರೆ ಮಾತ್ರ ‘ನಿರಂತರ’ ಅನ್ನುವುದಕ್ಕೆ ಅರ್ಥ.

ಮೂರನೆಯದು ಅಭ್ಯಾಸ, ನನ್ನ ಪ್ರಕಾರ ಇದೇ ಆತನ ದೊಡ್ಡ ಕೊಡುಗೆ. ಬಂದರಿನಲ್ಲಿ ಕಟ್ಟಿನಿಂತ ಹಡಗು ಹೊಯ್ದಾಡುವುದಿಲ್ಲ, ಸಮುದ್ರದಲ್ಲಿ ನಿಜ ಗುಂಡು ಹಾರಿಸಲು ವರ್ಷಕ್ಕೆ ಸಿಗುವುದು ಲೆಕ್ಕದ ಮದ್ದು. ಆದ್ದರಿಂದ ‘ಡಾಟರ್’ ಅನ್ನುವ ಸಾಧನ ಮಾಡಿದ. ಗನ್‌ಲೇಯರ್‌ನ ಸೈಟಿನ ಮುಂದೆ ಸಣ್ಣ ಗುರಿ ಬರೆದ ಹಲಗೆ ಮೇಲೆ ಕೆಳಗೆ ಹೋಗುತ್ತಿರುತ್ತದೆ. ಗನ್‌ಲೇಯರ್ ತನ್ನ ನಿಜವಾದ ಚಕ್ರವನ್ನೇ ತಿರುಗಿಸಿ ಅದನ್ನು ಹಿಂಬಾಲಿಸಬೇಕು. ಟ್ರಿಗರ್ ಒತ್ತಿದ ಕೂಡಲೇ ವಿದ್ಯುತ್ತಿನಿಂದ ಒಂದು ಪೆನ್ಸಿಲ್ ಕಾಗದದ ಮೇಲೆ ಚುಕ್ಕೆ ಇಡುತ್ತದೆ. ಕಾಗದ ಪಕ್ಕಕ್ಕೆ ಸರಿಯುವುದರಿಂದ ಪ್ರತಿ ಹೊಡೆತದ ಚುಕ್ಕೆ ಬೇರೆ ಬೇರೆ. ಆತ ಮೇಲೇಳುವಾಗ ತಡ ಮಾಡುತ್ತಾನೋ, ಇಳಿಯುವಾಗ ಅವಸರಪಡುತ್ತಾನೋ ಎಲ್ಲ ಕಾಗದದಲ್ಲಿ ಗೊತ್ತಾಗುತ್ತದೆ. ಗುಂಡು ಖರ್ಚಿಲ್ಲ, ದಿನಾ ಮಾಡಬಹುದು, ಮುಖ್ಯವಾಗಿ ತಪ್ಪು ಯಾವ ಬಗೆಯದು ಅಂತ ತೋರಿಸಬಹುದು. ಸಮುದ್ರದಲ್ಲಿ ಗುಂಡು ತಪ್ಪಿದರೆ ನೀರು ಚಿಮ್ಮುತ್ತದೆ, ಯಾಕೆ ತಪ್ಪಿತು ಅಂತ ನೀರು ಹೇಳುವುದಿಲ್ಲ.

ಇದರ ಮೇಲೆ ಫಿರಂಗಿಯೊಳಗೆ ಸಣ್ಣ ಬಂದೂಕಿನ ನಳಿಗೆ ಹೊಂದಿಸಿ ಕಿರುಗುರಿಗೆ ಹೊಡೆಯುವ ಅಭ್ಯಾಸ, ಮತ್ತೆ ಗುಂಡು ತುಂಬುವವರಿಗೇ ಬೇರೆ ಯಂತ್ರ. 6 ಇಂಚಿನ ಫಿರಂಗಿಯ ಒಂದು ಗುಂಡು 100 ಪೌಂಡ್. ಅದನ್ನು ಎತ್ತಿ, ಬ್ರೀಚಿಗೆ (ಗುಂಡು ತುಂಬುವ ಹಿಂಬಾಯಿ) ತಾಗಿಸದೆ, ನೇರವಾಗಿ ತಳ್ಳಬೇಕು. ಅವಸರದಲ್ಲಿ ಓರೆಯಾಗಿ ತಳ್ಳಿದರೆ ಬ್ರೀಚಿನ ತಿರುಪಿನ ಮರೆ ಕೆಡುತ್ತದೆ, ಮತ್ತೆ ಬಾಗಿಲು ಮುಚ್ಚುವುದಿಲ್ಲ. ಅದಕ್ಕೆ ಮರೆಯನ್ನು ಕಾಯುವ ತಟ್ಟೆ ಬೇಕು. 1901ರಲ್ಲಿ ‘ಟೆರಿಬಲ್’ನ ಗ್ರೌಂಡ್ಸ್ ಎಂಬ ಪೆಟಿ ಆಫೀಸರ್ 6 ಇಂಚಿನ ಫಿರಂಗಿಯಿಂದ ಒಂದು ನಿಮಿಷದಲ್ಲಿ ಎಂಟು ಗುಂಡು ಹಾರಿಸಿ ಎಂಟನ್ನೂ ಬಡಿಸಿದ. ಅದರಲ್ಲಿ ಅರ್ಧ ಪಾಲು ಗುಂಡು ತುಂಬಿದವರದು.

ಎದುರುಗಾಳಿ:
ಒಂದು ನಿಮಿಷ. ಭಜನೆ ಜಾಸ್ತಿಯಾಯಿತು.

ಒಂದು: ಬಹುಮಾನದ ಸ್ಪರ್ಧೆಯ ದೂರ ಸುಮಾರು 1,500 ಗಜ, ಅದೂ ಮೊದಲೇ ಗೊತ್ತಿರುವ ದೂರ. ಹಡಗು ನಿಧಾನ, ವಾತಾವರಣ ಆರಿಸಿಕೊಂಡದ್ದು, ಎದುರಿನಿಂದ ಯಾರೂ ಹೊಡೆಯುವುದಿಲ್ಲ. ಯುದ್ಧದಲ್ಲಿ ದೂರವೇ ಗೊತ್ತಿರುವುದಿಲ್ಲ. 5,000–6,000 ಗಜದಲ್ಲಿ ಗುಂಡು ಮೇಲಿನಿಂದ ಬೀಳುತ್ತದೆ, ಅಲ್ಲಿ ತಪ್ಪು ಹುಟ್ಟುವುದು ದೂರದ ಅಂದಾಜಿನಲ್ಲಿ. ಚಕ್ರ ತಿರುಗಿಸುವ ಕೌಶಲದಿಂದ ಅದು ಸರಿಹೋಗುವುದಿಲ್ಲ.

ಎರಡು: ಈ ತಂತ್ರ ನಡೆದದ್ದು ಕೈಯಿಂದ ಆಡಿಸುವ 6 ಇಂಚಿನವರೆಗಿನ ಫಿರಂಗಿಗೆ ಮಾತ್ರ. 12 ಇಂಚಿನ ಗೋಪುರ ಫಿರಂಗಿಯನ್ನು ನೀರಿನ ಒತ್ತಡದಿಂದ ಏರಿಸುತ್ತಿದ್ದರು, ಆಗಿನ ವಾಲ್ವುಗಳಲ್ಲಿ ನಯವಾದ ಹಿಂಬಾಲಿಕೆ ಸಾಧ್ಯವೇ ಇರಲಿಲ್ಲ.

ಮೂರು: ಈ ಕಥೆಯ ಬಹುಪಾಲು ಬಂದಿರುವುದು 1919ರಲ್ಲಿ ಸ್ಕಾಟ್‌ನೇ ಪ್ರಕಟಿಸಿದ ಆತ್ಮಕಥೆಯಿಂದ. ಅದರಲ್ಲಿ ಅಡ್ಮಿರಾಲ್ಟಿ ಯಾವಾಗಲೂ ಮೂರ್ಖ, ಆತ ಯಾವಾಗಲೂ ಸರಿ.

ತೋಪುಖಾನೆ:
ಎರಡನೆಯದು ಪೂರ್ತಿ ಸರಿ, ಭಾರೀ ಫಿರಂಗಿಗೆ ಇದು ಬಂದದ್ದು ಮುಂದಿನ ದಶಕದಲ್ಲಿ, ವಾಲ್ವುಗಳನ್ನು ಸುಧಾರಿಸಿದ ಮೇಲೆ. ಮೊದಲನೆಯದಕ್ಕೆ ಅರ್ಧ ಒಪ್ಪಿಗೆ. ದೂರದ ಅಂದಾಜು ತಪ್ಪಿದ್ದರೆ ಅದನ್ನು ತಿದ್ದುವುದು ಹೇಗೆ? ಗುಂಡು ಎಲ್ಲಿ ಬಿತ್ತು ನೋಡಿ. ಒಂದೇ ಸೈಟಿನ ಲೆಕ್ಕದಲ್ಲಿ ಹಾರಿಸಿದ ಐದು ಗುಂಡು ಐದು ಕಡೆ ಬಿದ್ದರೆ ತಿದ್ದಲು ಏನಿದೆ? ಗನ್‌ಲೇಯರ್‌ನ ಚದುರು ಕಡಿಮೆಯಾದ ಮೇಲೆಯೇ ನೀರಿನ ಚಿಮ್ಮುವಿಕೆ ನೋಡಿ ದೂರ ಸರಿಮಾಡುವುದು ಸಾಧ್ಯವಾಯಿತು. 1899ರಿಂದ 1902ರವರೆಗೆ ಮೆಡಿಟರೇನಿಯನ್‌ನಲ್ಲಿ ಅಲ್ಲಿನ ನೌಕಾದಳದ ಮುಖ್ಯಸ್ಥ ಅಡ್ಮಿರಲ್ ಫಿಶರ್ ದೂರದ ಗುಂಡಿನ ಅಭ್ಯಾಸ ಶುರು ಮಾಡಿಸಿದಾಗ ಎದುರಾದದ್ದು ಇದೇ ಪ್ರಶ್ನೆ. ಸ್ಕಾಟ್ ಕೂಡ 1,500 ಗಜಕ್ಕೆ ಅಂಟಿಕೊಂಡು ಕೂರಲಿಲ್ಲ. ಹಡಗಿನ ಎಲ್ಲ ಫಿರಂಗಿಗಳನ್ನೂ ಮೇಲಿನ ಒಂದೇ ಕಡೆಯಿಂದ ಗುರಿಯಿಟ್ಟು ಒಂದೇ ಸಲ ಹಾರಿಸುವ ಡೈರೆಕ್ಟರ್ ಪದ್ಧತಿಯ ಹಿಂದೆ ಬಿದ್ದ. 1912ರ ನವೆಂಬರ್‌ನಲ್ಲಿ ‘ಥಂಡರರ್’ ಮತ್ತು ‘ಓರಿಯನ್’ ನಡುವೆ ಪರೀಕ್ಷೆ ಮಾಡಿದಾಗ ಡೈರೆಕ್ಟರ್ ಇದ್ದ ‘ಥಂಡರರ್’ ಹಲವು ಪಟ್ಟು ಹೆಚ್ಚು ಬಡಿಸಿತು. ಅದು ವಿಕ್ಟೋರಿಯಾ ಕಾಲ ದಾಟಿದ ಮಾತು, ಇಲ್ಲಿಗೇ ಬಿಡುತ್ತೇನೆ.

ದಿನಚರಿಪುಸ್ತಕ:
ಮೂರನೆಯದಕ್ಕೆ ನನ್ನ ಉತ್ತರ. ಆತ್ಮಕಥೆಯ ಧಾಟಿ ನಂಬಬೇಡಿ, ಆದರೆ ಆತ ಎದುರಿಸಿದ ವ್ಯವಸ್ಥೆ ನಿಜ. 1880ರ ದಶಕದಲ್ಲಿ ಹಡಗಿನ ಕಮಾಂಡರ್‌ನ ಭವಿಷ್ಯ ನಿಂತಿದ್ದು ಹಡಗಿನ ಹೊಳಪಿನ ಮೇಲೆ. ಅಡ್ಮಿರಲ್ ತಪಾಸಣೆಗೆ ಬಂದರೆ ನೋಡುವುದು ಬಿಳಿ ಬಣ್ಣ, ಹಿತ್ತಾಳೆ, ಹಾಯಿ ಏರಿಸುವ ವೇಗ. ಸರ್ಕಾರ ಕೊಡುವ ಬಣ್ಣ ಸಾಲದು, ಅಧಿಕಾರಿಗಳು ತಮ್ಮ ಜೇಬಿನಿಂದ ದುಡ್ಡು ಹಾಕಿ ಬಣ್ಣ ಕೊಳ್ಳುತ್ತಿದ್ದರು. ಫಿರಂಗಿ ಹಾರಿಸಿದರೆ ಹೊಗೆ, ಮಸಿ, ಬಿರುಕುಬಿಟ್ಟ ಬಣ್ಣ. ಮೂರು ತಿಂಗಳ ಪಾಲಿನ ಅಭ್ಯಾಸದ ಗುಂಡನ್ನು ಬೇಗ ಬೇಗ ಖರ್ಚು ಮಾಡಿ ಮುಗಿಸಿದರೆ ಸಾಕು ಅನ್ನುವುದು ರೂಢಿ. ನೀರು ತಡೆಯುವ ಉಕ್ಕಿನ ಬಾಗಿಲುಗಳನ್ನು ಹೊಳಪಿಗಾಗಿ ಉಜ್ಜಿ ಉಜ್ಜಿ ಅವು ನೀರು ತಡೆಯದಂತಾಗಿದ್ದವು ಎಂದು ಸ್ಕಾಟ್ ಬರೆಯುತ್ತಾನೆ. ಉತ್ಪ್ರೇಕ್ಷೆ ಇರಬಹುದು, ಆದರೆ ಅದೇ ಕಾಲದ ಬೇರೆ ಅಧಿಕಾರಿಗಳೂ ಇದೇ ರಾಗ ಹಾಡಿದ್ದಾರೆ.

ತಮಾಷೆಯೆಂದರೆ 1886ರಲ್ಲಿ ‘ಎಡಿನ್‌ಬರೋ’ ಹಡಗಿನ ಕಮಾಂಡರ್ ಆದ ಸ್ಕಾಟ್ ಕೂಡ ಆ ಆಟವನ್ನೇ ಆಡಿದ. ಗುಂಡಿನ ಸುಧಾರಣೆಗೆ ಯಾರೂ ಕಿವಿಗೊಡಲಿಲ್ಲ, ಹಾಗಾಗಿ ಹಡಗನ್ನು ಮಿರಿಮಿರಿ ಮಾಡಿದ. ಬಡ್ತಿ ಬಂತು. ಆಯ್ಕೆಯ ಎರಡನೇ ಮೆಟ್ಟಿಲು ದಾಟಿ ಕ್ಯಾಪ್ಟನ್ ಆದ ಮೇಲೆಯೇ ಆತ ಬಾಯಿ ಬಿಟ್ಟು ಮಾತಾಡಿದ್ದು. ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ಸಾಕ್ಷಿ ಅಲೆಕ್ಸಾಂಡ್ರಿಯ. 1882ರ ಜುಲೈ 11ರಂದು ಬ್ರಿಟಿಷ್ ಹಡಗುಗಳು ಕೋಟೆಗಳ ಮೇಲೆ ಸುಮಾರು 3,000 ಗುಂಡು ಸುರಿಸಿದವು. ನೇರ ಬಡಿದು ಹಾಳಾದ ಈಜಿಪ್ಟಿನ ಫಿರಂಗಿಗಳು ಬೆರಳೆಣಿಕೆ. ಕೋಟೆ ಸುಮ್ಮನಾಯಿತು, ಊರು ಸಿಕ್ಕಿತು, ಆದ್ದರಿಂದ ಯಾರೂ ಲೆಕ್ಕ ಕೇಳಲಿಲ್ಲ. ಯುದ್ಧ ಗೆದ್ದ ನೌಕಾಪಡೆಗೆ ತನ್ನ ಗುರಿ ಕೆಟ್ಟದೆಂದು ಒಪ್ಪಿಸುವುದು ಬಲು ಕಷ್ಟ.

ಗಾಡಿಚಕ್ರ:
ಸ್ಕಾಟ್ ಅಂದರೆ ಜನಕ್ಕೆ ಆಗ ಗೊತ್ತಿದ್ದದ್ದು ಗುರಿಯಿಂದಲ್ಲ, ಬೋಯರ್ ಯುದ್ಧದಲ್ಲಿ ಮುತ್ತಿಗೆಗೆ ಒಳಗಾದ ದಕ್ಷಿಣ ಆಫ್ರಿಕದ ಊರು ಲೇಡಿಸ್ಮಿತ್‌ನಿಂದ. ಅದನ್ನು ಬಿಟ್ಟರೆ ಕಥೆ ಅರ್ಧ.

1899ರ ಅಕ್ಟೋಬರ್‌ನಲ್ಲಿ ‘ಟೆರಿಬಲ್’ ಚೀನಾಕ್ಕೆ ಹೋಗುವ ದಾರಿಯಲ್ಲಿ ಕೇಪ್‌ನ ಸೈಮನ್ಸ್ ಟೌನ್ ತಲುಪಿತು. ಅದರ ಜೋಡಿ ಹಡಗು ‘ಪವರ್‌ಫುಲ್’ ಚೀನಾದಿಂದ ಊರಿಗೆ ಮರಳುವ ದಾರಿಯಲ್ಲಿ ಅಲ್ಲಿಗೇ ಬಂತು. ಬ್ರಿಟಿಷರ ಎದುರಾಳಿಗಳಾದ ಬೋಯರರ (ಡಚ್ ಮೂಲದ ವಲಸಿಗರು) ಕೈಯಲ್ಲಿ ಫ್ರಾನ್ಸಿನ ಕ್ರೂಸೋ ಕಂಪನಿಯ 155 ಮಿಲಿಮೀಟರ್ ‘ಲಾಂಗ್ ಟಾಮ್’ ಇತ್ತು, 94 ಪೌಂಡ್ ಗುಂಡನ್ನು 10,000 ಗಜ ಎಸೆಯುವಂಥದ್ದು. ಬ್ರಿಟಿಷ್ ಸೇನೆಯ 15 ಪೌಂಡರ್ ಫೀಲ್ಡ್ ಗನ್‌ಗೆ ಅದರ ಅರ್ಧದಷ್ಟು ದೂರವೂ ಕಷ್ಟ. ದೂರ ಹೊಡೆಯುವ ಫಿರಂಗಿ ಇದ್ದದ್ದು ಹಡಗಿನ ಮೇಲೆ ಮಾತ್ರ, ಅದಕ್ಕೆ ಗಾಡಿ ಇರಲಿಲ್ಲ.

ಹಡಗಿನ 12 ಪೌಂಡರ್ ಫಿರಂಗಿಗೆ ಸ್ಕಾಟ್ ಮಾಡಿದ್ದು ಸರಳ: ಬಾಲಕ್ಕೆ ಒಂದು ಮರದ ದಿಮ್ಮಿ, ಅದಕ್ಕೆ ಅಚ್ಚು, ಎರಡು ಪಕ್ಕ ಕೇಪ್‌ನ ಮಾಮೂಲಿ ಎತ್ತಿನ ಗಾಡಿಯ ಚಕ್ರ. ಮೇಲೆ ಹಡಗಿನ ಮೌಂಟಿಂಗ್ (ಫಿರಂಗಿ ಕೂರುವ ಚೌಕಟ್ಟು). 4.7 ಇಂಚಿನದಕ್ಕೆ ಮೊದಲು ಗಾಡಿಯಲ್ಲ, ವೇದಿಕೆ. 14 ಅಡಿ ಉದ್ದ, 12 ಇಂಚು ಚೌಕದ ನಾಲ್ಕು ತೊಲೆಗಳನ್ನು ಎರಡೆರಡಾಗಿ ಅಡ್ಡಡ್ಡ ಜೋಡಿಸಿ, ನಡುವೆ ಹಡಗಿನ ಪೀಠವನ್ನು ಉದ್ದ ಬೋಲ್ಟುಗಳಿಂದ ಬಿಗಿಯುವುದು. ನೆಲ ಅಗೆದು ಇದನ್ನು ಕೂರಿಸಿ ಮಣ್ಣು ತುಂಬಿದರೆ ಫಿರಂಗಿ ಸುತ್ತಲೂ ತಿರುಗಬಲ್ಲದು.

ಇದು ಕೆಲಸ ಮಾಡಿದ್ದಕ್ಕೆ ಕಾರಣ ಹಡಗಿನ ಮೌಂಟಿಂಗ್‌ನಲ್ಲೇ ಹಿಮ್ಮೆಟ್ಟುವಿಕೆಯನ್ನು ನುಂಗುವ ಹೈಡ್ರಾಲಿಕ್ ಸಿಲಿಂಡರ್ ಇದ್ದದ್ದು. ಫಿರಂಗಿ ತೊಟ್ಟಿಲೊಳಗೆ ಹಿಂದಕ್ಕೆ ಸರಿದು ಸ್ಪ್ರಿಂಗಿನಿಂದ ಮುಂದಕ್ಕೆ ಬರುತ್ತದೆ, ತೊಲೆಗಳಿಗೆ ಬರುವುದು ಉಳಿದ ಒದೆತ ಮಾತ್ರ. ಆಗಿನ ಸೇನೆಯ ಫೀಲ್ಡ್ ಗನ್ ಗಾಡಿಗೆ ಈ ಸೌಕರ್ಯ ಇರಲಿಲ್ಲ, ಪ್ರತಿ ಗುಂಡಿಗೂ ಇಡೀ ಗಾಡಿ ಹಿಂದಕ್ಕೆ ಓಡುತ್ತಿತ್ತು.

‘ಪವರ್‌ಫುಲ್’ ಅಕ್ಟೋಬರ್ 26ಕ್ಕೆ ಹೊರಟು 29ಕ್ಕೆ ಡರ್ಬನ್ ಮುಟ್ಟಿತು. 30ಕ್ಕೆ ಕ್ಯಾಪ್ಟನ್ ಹೆಡ್‌ವರ್ತ್ ಲ್ಯಾಂಬ್ಟನ್ ರೈಲಿನಲ್ಲಿ ಫಿರಂಗಿಗಳೊಂದಿಗೆ ಲೇಡಿಸ್ಮಿತ್ ಒಳಗಿದ್ದ. ನವೆಂಬರ್ 2ಕ್ಕೆ ಮುತ್ತಿಗೆ ಬಿಗಿಯಾಯಿತು. ಮೂರು ದಿನ ತಡವಾಗಿದ್ದರೆ ಫಿರಂಗಿ ಹೊರಗೆ, ಊರು ಒಳಗೆ.

ಹಾಯಿಪಟ:
ಹಾಗಾದರೆ ಲೇಡಿಸ್ಮಿತ್‌ನೊಳಗೆ ಸ್ಕಾಟ್ ಇರಲೇ ಇಲ್ಲವೇ? ಎಷ್ಟೋ ಕಡೆ ಆತನೇ ಉಳಿಸಿದ ಅಂತ ಓದಿದ್ದೆ.

ಗಾಡಿಚಕ್ರ:
ಇರಲಿಲ್ಲ. ಫಿರಂಗಿ ಹಾರಿಸಿದ್ದು ಲ್ಯಾಂಬ್ಟನ್ ಮತ್ತು ‘ಪವರ್‌ಫುಲ್’ನ ನಾವಿಕರು. ಸ್ಕಾಟ್ ನವೆಂಬರ್‌ನಿಂದ 1900ರ ಮಾರ್ಚ್‌ವರೆಗೆ ಡರ್ಬನ್‌ನ ಕಮಾಂಡಂಟ್ ಆಗಿದ್ದು, ಊರಿನ ಸುತ್ತ ಫಿರಂಗಿ ಕೂರಿಸಿ, ಲೇಡಿಸ್ಮಿತ್ ಬಿಡಿಸಲು ಹೊರಟ ಜನರಲ್ ಬುಲ್ಲರ್‌ನ ಸೇನೆಗೆ ಇನ್ನಷ್ಟು ಗಾಡಿ ಮಾಡಿಸಿ ಕಳಿಸುತ್ತಿದ್ದ. ಸರ್ಚ್‌ಲೈಟನ್ನು ರೈಲು ವ್ಯಾಗನ್ ಮೇಲೆ ಡೈನಮೋ ಸಮೇತ ಏರಿಸಿ, ಮುಂದೆ ತೆರೆದು ಮುಚ್ಚುವ ಪಟ್ಟಿ ಹಾಕಿ, ಬೆಳಕನ್ನು ಮೋಡದ ಮೇಲೆ ಬಿಟ್ಟು ಮುತ್ತಿಗೆಯೊಳಗಿನವರಿಗೆ ಸಂದೇಶ ಕಳಿಸುವ ಏರ್ಪಾಟೂ ಆತನದೇ. ದೀಪದ ಸಂಕೇತ ಆತನ ಹಳೆಯ ಹುಚ್ಚು, ಹಡಗಿನ ಹಾಯಿಕಂಬದ ತುದಿಗೆ ಮಿನುಗು ದೀಪ ಇಡಬೇಕೆಂದು ಅಡ್ಮಿರಾಲ್ಟಿಯನ್ನು ಮೊದಲಿನಿಂದಲೂ ಕಾಡಿದ್ದ.

ಆಮೇಲೆ 4.7 ಇಂಚಿನದಕ್ಕೂ ಚಕ್ರ ಬಂತು. ಅದರ ಮಿತಿ ಬೇರೆ ಥರ: ನಳಿಗೆ ಒಂದೇ ಎರಡು ಟನ್. ಒಂದು ಫಿರಂಗಿ ಎಳೆಯಲು 32 ಎತ್ತು, ಅಂದರೆ 16ರ ಎರಡು ಸಾಲು. ಎತ್ತು ಹಗಲೆಲ್ಲ ನಡೆಯುವುದಿಲ್ಲ, ಮೇಯಬೇಕು, ಮೆಲುಕು ಹಾಕಬೇಕು, ಬಿಸಿಲಿನಲ್ಲಿ ನಡೆಸಿದರೆ ಬೀಳುತ್ತದೆ. ನದಿ ದಾಟುವಾಗ ಚಕ್ರ ಹೂತರೆ ಹಗ್ಗ ಕಟ್ಟಿ ನಾವಿಕರೇ ಎಳೆಯಬೇಕು. ಗುಂಡು ಒಂದಕ್ಕೆ 45 ಪೌಂಡ್, ಅದರ ಹಿತ್ತಾಳೆ ಕವಚದ ಮದ್ದು ಬೇರೆ. 100 ಗುಂಡು ಅಂದರೆ ಗುಂಡಿನ ತೂಕವೇ ಎರಡು ಟನ್, ಅದಕ್ಕೆ ಬೇರೆ ಗಾಡಿ, ಬೇರೆ ಎತ್ತು. ಲೇಡಿಸ್ಮಿತ್‌ನ ಒಳಗೆ 118 ದಿನ ಗುಂಡು ಎಣಿಸಿ ಎಣಿಸಿ ಹಾರಿಸಿದರು.

ಕೋಟೆಬಾಗಿಲು:
ಈ ಯುದ್ಧದ ಒಂದು ತುದಿ ನಮ್ಮ ಕಡೆಗೂ ಇದೆ. ಸೆರೆಸಿಕ್ಕ ಬೋಯರರನ್ನು ಇರಿಸಿದ ಭಾರತದ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. ಮತ್ತೆ ‘ಟೆರಿಬಲ್’ನ ಇದೇ 12 ಪೌಂಡರ್‌ಗಳು 1900ರಲ್ಲಿ ಬಾಕ್ಸರ್ ದಂಗೆಯ ಹೊತ್ತಿಗೆ ಚೀನಾಕ್ಕೆ ಹೋಗಿ ತಿಯೆನ್‌ತ್ಸಿನ್‌ನಲ್ಲಿ ದಡ ಹತ್ತಿದವು. ಅದೇ ಚೀನಾ ಕಾರ್ಯಾಚರಣೆಯಲ್ಲಿ ಬೆಂಗಳೂರಿನಲ್ಲಿ ನೆಲೆ ಇದ್ದ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ) ಕೂಡ ಇದ್ದರು, ‘ಚೀನಾ 1900’ ಅವರ ಯುದ್ಧಗೌರವಗಳಲ್ಲಿ ಒಂದು.

ಎದುರುಗಾಳಿ:
ಗಾಡಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ಸ್ಕಾಟ್‌ನ ನಿಜವಾದ ಸಾಮರ್ಥ್ಯ ಅಲ್ಲಿತ್ತು: ಕೈಗೆ ಸಿಕ್ಕ ಮರ, ಕಬ್ಬಿಣದಿಂದ ಬೇಗ ಏನಾದರೂ ಕಟ್ಟುವುದು. ಆದರೆ ಗುರಿಯ ಸುಧಾರಣೆ ಹರಡಿದ್ದರಲ್ಲಿ ಇನ್ನೊಬ್ಬನ ಪಾಲು ದೊಡ್ಡದು, ಅಮೆರಿಕದ ನೌಕಾ ಅಧಿಕಾರಿ ವಿಲಿಯಂ ಸಿಮ್ಸ್.

1900ರ ಹೊತ್ತಿಗೆ ಚೀನಾ ಕಡಲಲ್ಲಿ ಸ್ಕಾಟ್‌ನನ್ನು ಕಂಡು ಈತ ಎಲ್ಲ ಕಲಿತ. ಅಮೆರಿಕದ ಹಡಗಿನಲ್ಲೇ ಅದನ್ನು ಮಾಡಿ ನೋಡಿ ವಾಷಿಂಗ್ಟನ್‌ಗೆ ಎರಡು ವರ್ಷದಲ್ಲಿ 13 ವರದಿ ಬರೆದ. ಅವರದು ಮೊದಲು ಉತ್ತರವೇ ಇಲ್ಲ. ಆಮೇಲೆ ವಾಷಿಂಗ್ಟನ್ ನೌಕಾಂಗಣದಲ್ಲಿ ನೆಲದ ಮೇಲೆ ನಿಲ್ಲಿಸಿದ ಫಿರಂಗಿಯಲ್ಲಿ ಪರೀಕ್ಷೆ ಮಾಡಿದರು: ಐದು ಜನ ಸೇರಿದರೂ ಬೇಕಾದ ವೇಗಕ್ಕೆ ಏರಿಸಿ ಇಳಿಸಲು ಆಗಲಿಲ್ಲ. ಆದ್ದರಿಂದ ನಿರಂತರ ಗುರಿ ಅಸಾಧ್ಯ ಅಂತ ತೀರ್ಪು! 1902ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ವರೆಗೆ ಹೋದ ಮೇಲೆಯೇ ಸಿಮ್ಸ್‌ಗೆ ಗುರಿ ಅಭ್ಯಾಸದ ಇನ್‌ಸ್ಪೆಕ್ಟರ್ ಹುದ್ದೆ ಸಿಕ್ಕಿತು. ಬ್ರಿಟನ್ನಿನಲ್ಲಿ ಸ್ಕಾಟ್‌ಗೆ ಅಂಥದೇ ಹುದ್ದೆ ಬಂದದ್ದು 1905ರಲ್ಲಿ.

ಹಾಯಿಪಟ:
ನೆಲದ ಮೇಲೆ ಆಗದ್ದು ಸಮುದ್ರದಲ್ಲಿ ಹೇಗಾಯಿತು? ಅಲ್ಲಿ ಹೊಯ್ದಾಟ ಬೇರೆ ಇದೆ, ಇನ್ನೂ ಕಷ್ಟವಾಗಬೇಕಲ್ಲ.

ತೋಪುಖಾನೆ:
ಉಲ್ಟಾ. ನೆಲದ ಮೇಲೆ ನಿಂತ ಫಿರಂಗಿಯನ್ನು ಏರಿಸಿ ಇಳಿಸಬೇಕಾದರೆ ಆ ಟನ್ನುಗಟ್ಟಲೆ ಉಕ್ಕಿಗೆ ವೇಗ ಕೊಡಬೇಕು, ನಿಲ್ಲಿಸಬೇಕು, ಮತ್ತೆ ಉಲ್ಟಾ ವೇಗ ಕೊಡಬೇಕು. ಸಮುದ್ರದಲ್ಲಿ ಫಿರಂಗಿ ಗುರಿಯ ಕಡೆಗೇ ಮುಖ ಮಾಡಿ ಸ್ಥಿರವಾಗಿದೆ, ಅದರ ಕೆಳಗೆ ಹಡಗು ತಿರುಗುತ್ತಿದೆ. ಸಮತೂಕದ ಫಿರಂಗಿ ಜಡತ್ವದಿಂದ ತಾನಿದ್ದಂತೆಯೇ ಇರಲು ನೋಡುತ್ತದೆ. ಗನ್‌ಲೇಯರ್ ಗೆಲ್ಲಬೇಕಿರುವುದು ಬೇರಿಂಗ್ ಮತ್ತು ಗೇರಿನ ಘರ್ಷಣೆಯನ್ನು, ಜೊತೆಗೆ ಸಣ್ಣ ತಿದ್ದುಪಡಿ. ಚಕ್ರ ತಿರುಗುವ ವೇಗ ಎರಡೂ ಕಡೆ ಒಂದೇ, ತೋಳಿಗೆ ಬೀಳುವ ಭಾರ ಒಂದೇ ಅಲ್ಲ. ನ್ಯೂಟನ್‌ನ ಮೊದಲ ನಿಯಮ, ಶಾಲೆಯ ಪಾಠ. ಪರೀಕ್ಷೆ ಮಾಡಿದವರು ಪಾಠ ಮರೆತಿದ್ದರೋ, ಬೇಕಾದ ಉತ್ತರಕ್ಕೆ ತಕ್ಕ ಪರೀಕ್ಷೆ ಆರಿಸಿಕೊಂಡರೋ, ನೀವೇ ಯೋಚಿಸಿ.

ದಿನಚರಿಪುಸ್ತಕ:
ಇಂಥ ಅಧಿಕಾರಿಗಳ ವೃತ್ತಿಯನ್ನು ಸ್ವತಃ ಹುಡುಕುವವರಿಗೆ ಒಂದೆರಡು ಮಾತು, ಯಾಕೆಂದರೆ ಇಲ್ಲೇ ಎಲ್ಲರೂ ಎಡವುತ್ತಾರೆ. ಲಂಡನ್‌ನ ಕ್ಯೂ ಬಳಿಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಅಧಿಕಾರಿಗಳ ಸೇವಾ ದಾಖಲೆ ಎಡಿಎಂ (ಅಡ್ಮಿರಾಲ್ಟಿಯ ಸಂಕ್ಷೇಪ) 196 ಸರಣಿ, ಹಡಗಿನ ಲಾಗ್ ಎಡಿಎಂ 53. ಸಾಮಾನ್ಯ ನಾವಿಕರದು ಎಡಿಎಂ 188. ಗನ್‌ಲೇಯರ್‌ಗಳನ್ನು ಹುಡುಕುವುದಾದರೆ ಕೊನೆಯದು.

ಸೇವಾ ದಾಖಲೆಯಲ್ಲಿ ಹಡಗಿನ ಹೆಸರು ಕಂಡ ಕೂಡಲೇ ಆತ ಆ ಹಡಗಿನಲ್ಲಿ ಸಮುದ್ರಕ್ಕೆ ಹೋದ ಅಂತ ಬರೆದುಬಿಡಬೇಡಿ. ನೌಕಾಪಡೆಯ ಪ್ರತಿಯೊಬ್ಬನ ಸಂಬಳವೂ ಯಾವುದಾದರೂ ಹಡಗಿನ ಪುಸ್ತಕದಲ್ಲಿ ಇರಲೇಬೇಕು. ದಡದಲ್ಲಿ ಕೆಲಸ ಮಾಡುವವನ ಹೆಸರೂ ಬಂದರಿನಲ್ಲಿ ಕಟ್ಟಿಹಾಕಿದ ಹಳೆಯ ಹಡಗಿನ ಲೆಕ್ಕದಲ್ಲಿರುತ್ತದೆ. ಲಂಡನ್‌ನಲ್ಲಿ ಸಮಿತಿ ಕೆಲಸದಲ್ಲಿರುವವನು ‘ಪ್ರೆಸಿಡೆಂಟ್’ನಲ್ಲಿ. ‘ಎಕ್ಸಲೆಂಟ್’ ಅಂತ ಇದ್ದರೆ ಗನ್ನರಿ ಶಾಲೆ. 1830ರಲ್ಲಿ ಅದು ನಿಜವಾದ ಮರದ ಹಡಗಿನಲ್ಲಿ ಶುರುವಾಯಿತು, ಆಮೇಲೆ ಪೋರ್ಟ್ಸ್‌ಮತ್‌ನ ವೇಲ್ ಐಲ್ಯಾಂಡ್ ದಡಕ್ಕೆ ಬಂತು. ಆ ದ್ವೀಪ ಬೆಳೆದದ್ದೇ ಹಡಗುಕಟ್ಟೆಯ ಹೊಂಡ ತೋಡಿದ ಕೆಸರು ಸುರಿದು, ಕೈದಿಗಳ ದುಡಿಮೆಯಿಂದ. ಅಲ್ಲಿ ಶಾಲೆ ಕಟ್ಟುವ ಯೋಜನೆ ಹಾಕಿದವರಲ್ಲಿ ಲೆಫ್ಟಿನೆಂಟ್ ಸ್ಕಾಟ್ ಕೂಡ ಒಬ್ಬ.

ಮತ್ತೊಂದು ಬಲೆ ಹಾಫ್ ಪೇ. ಎರಡು ನೇಮಕದ ನಡುವೆ ಹಡಗು ಇಲ್ಲದ ಅಧಿಕಾರಿ ಅರ್ಧ ಸಂಬಳದ ಮೇಲೆ ಮನೆಯಲ್ಲಿರುತ್ತಿದ್ದ. ದಾಖಲೆಯಲ್ಲಿ ಅದನ್ನು ಕಂಡು ಶಿಕ್ಷೆಯಾಗಿರಬೇಕು ಅಂತ ಊಹಿಸುವವರಿದ್ದಾರೆ. ಕ್ಯಾಪ್ಟನ್ ದರ್ಜೆಯಲ್ಲಿ ಅದು ತೀರಾ ಸಾಮಾನ್ಯ, ಹಡಗಿಗಿಂತ ಕ್ಯಾಪ್ಟನ್‌ಗಳೇ ಹೆಚ್ಚು.

ಎದುರುಗಾಳಿ:
ಶಿಕ್ಷೆಯ ಮಾತು ಬಂತಲ್ಲ, ಬಣ್ಣದ ಜಗಳ ಹೇಳದೆ ಬಿಟ್ಟಿರಿ. 1907ರ ನವೆಂಬರ್, ಚಾನಲ್ ಫ್ಲೀಟ್. ಜರ್ಮನ್ ಚಕ್ರವರ್ತಿಯ ಭೇಟಿಗಾಗಿ ಹಡಗುಗಳಿಗೆ ಬಣ್ಣ ಬಳಿಯಲು ಫ್ಲೀಟಿನ ಮುಖ್ಯಸ್ಥ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಆಜ್ಞೆ. ಸ್ಕಾಟ್‌ನ ಸ್ಕ್ವಾಡ್ರನ್ನಿನ ‘ರಾಕ್ಸ್‌ಬರ್ಗ್’ ಹಡಗು ಗುಂಡಿನ ಅಭ್ಯಾಸದಲ್ಲಿದೆ, ಮುಂದುವರಿಸಲು ಕೇಳಿತು. ಗುಂಡಿಗಿಂತ ಬಣ್ಣಕ್ಕೇ ಬೇಡಿಕೆ ಜಾಸ್ತಿ ಇರುವಂತಿದೆ, ಬಂದು ಸಿಂಗಾರ ಮಾಡಿಕೊಳ್ಳಿ ಅನ್ನುವ ಅರ್ಥದ ಸಂಕೇತವನ್ನು ರಿಯರ್ ಅಡ್ಮಿರಲ್ ಸ್ಕಾಟ್ ಕಳಿಸಿದ. ಎಲ್ಲರಿಗೂ ಕಾಣುವ ಸಂಕೇತದಲ್ಲಿ! ಬೆರೆಸ್‌ಫರ್ಡ್ ತನ್ನ ಅಧಿಕಾರಿಗಳೆದುರು ಆತನನ್ನು ಕರೆಸಿ ಛೀಮಾರಿ ಹಾಕಿದ, ಇಡೀ ಫ್ಲೀಟ್‌ಗೆ ಅದನ್ನು ಸಾರಿದ. ಗುಂಡಿನಲ್ಲಿ ಆತ ಎಷ್ಟು ಸರಿಯಿದ್ದರೂ ಅಧೀನ ಅಡ್ಮಿರಲ್ ಒಬ್ಬ ಹೀಗೆ ಮಾಡಬಾರದಿತ್ತು.

ದಿನಚರಿಪುಸ್ತಕ:
ಮಾಡಬಾರದಿತ್ತು, ಒಪ್ಪಿದೆ. ಆದರೆ ಅದನ್ನು ಬರೀ ಬಾಯಿಹರುಕುತನ ಅಂತ ನೋಡಿದರೆ ಅರ್ಧ ಬಿಟ್ಟುಹೋಗುತ್ತದೆ. ಬೆರೆಸ್‌ಫರ್ಡ್‌ಗೂ ನೌಕಾಪಡೆಯ ಮುಖ್ಯಸ್ಥನಾಗಿದ್ದ ಫಿಶರ್‌ಗೂ ಆಗ ಹಾವು ಮುಂಗುಸಿ, ಸ್ಕಾಟ್ ಫಿಶರ್ ಕಡೆಯವನು. ಬಣ್ಣ ಒಂದು ನೆಪ. ಹಾಗಾಗಿ ಕೆಲಸವೂ ಹೋಗಲಿಲ್ಲ, 1908ರಲ್ಲಿ ಆತನ ಸ್ಕ್ವಾಡ್ರನ್ನನ್ನು ಬೆರೆಸ್‌ಫರ್ಡ್‌ನ ಕೈಯಿಂದ ಬೇರ್ಪಡಿಸಿ ದಕ್ಷಿಣ ಆಫ್ರಿಕಕ್ಕೆ ಕಳಿಸಿದರು. 1909ರಲ್ಲಿ ಸಮುದ್ರ ಬಿಟ್ಟ. ನಾಲ್ಕು ವರ್ಷದ ಮೇಲೆ ಬ್ಯಾರನೆಟ್ ಎಂಬ ವಂಶಪಾರಂಪರ್ಯ ಬಿರುದು ಬಂತು, ಡೈರೆಕ್ಟರ್ ಪರೀಕ್ಷೆ ಆದ ಮರುವರ್ಷ.